ಫ್ರಿಜ್ಜಿನ ಬೆನ್ನಿಗೆ ಗಾಳಿ

ನಿಮ್ಮ ಮನೆಯ ಫ್ರಿಜ್ಜಿನ ಹಿಂಭಾಗವನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ನಾನಂತೂ ನೋಡಿದವಳಲ್ಲ. ಬಾಗಿಲು ತೆಗೆಯುವುದು, ಹಾಲು ಮೊಸರು ಇಡುವುದು, ಮುಚ್ಚುವುದು – ನನಗೆ ಗೊತ್ತಿದ್ದದ್ದು ಇಷ್ಟೇ. ಅದರ ಬೆನ್ನಿನ ಕಷ್ಟ ನನಗೆ ತಿಳಿದದ್ದು ಅಮೆರಿಕದಲ್ಲಿ, 2019ರ ಜುಲೈ ತಿಂಗಳ ಸುಡುಬಿಸಿಲಿನಲ್ಲಿ.

ಮಗಳು ಅಳಿಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾರೆ. ಮೊಮ್ಮಗನನ್ನು ನೋಡಲು ನಾವಿಬ್ಬರೂ ಹೋಗಿದ್ದೆವು. ಅಳಿಯಂದಿರು ಹಳೆಯ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದರು. ಚಕ್ರದ ಮೇಲಿನ ಮನೆ ಎನ್ನಿ. ಮಲಗಲು ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್ಜು ಎಲ್ಲವೂ ಉಂಟು. ಗ್ರಾಂಡ್ ಕ್ಯಾನ್ಯನ್ ತೋರಿಸುತ್ತೇವೆಂದು ನಮ್ಮನ್ನು ಹೊರಡಿಸಿದರು.

ನನ್ನ ಚಿಂತೆ ಒಂದೇ, ನಮ್ಮವರ ಇನ್ಸುಲಿನ್. ಔಷಧಿ ಸದಾ ಜೊತೆಯಲ್ಲಿರಬೇಕು ಎನ್ನುವ ಸ್ವಭಾವ ಅವರದು. ಊರಿನಿಂದ ತಂದಿದ್ದ ಪೆನ್ನುಗಳನ್ನೆಲ್ಲ ನಾನೇ ಆ ಫ್ರಿಜ್ಜಿನಲ್ಲಿ ಜೋಡಿಸಿದೆ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು ಎಂಬುದು ಸಕ್ಕರೆ ಕಾಯಿಲೆಯವರಿರುವ ಮನೆಯ ನಿಮಗೂ ಗೊತ್ತೇ ಇದೆ.

ಸಂಜೆ ಬೇಕರ್ಸ್‌ಫೀಲ್ಡ್ ಮುಟ್ಟುವಾಗ ಹೊರಗೆ 40 ಡಿಗ್ರಿ ದಾಟಿತ್ತು. ಕಾಫಿಗೆಂದು ಹಾಲು ತೆಗೆದರೆ ಹುಳಿ ವಾಸನೆ! ಒಳಗಿದ್ದ ಪುಟ್ಟ ಥರ್ಮಾಮೀಟರ್ ನೋಡಿದೆ: 14 ಡಿಗ್ರಿ. ನನ್ನ ಎದೆ ಧಸಕ್ಕೆಂದಿತು. ಹಾಲು ಹೋದರೆ ಹೋಗಲಿ, ಇನ್ಸುಲಿನ್ ಕೆಟ್ಟರೆ ಪರದೇಶದಲ್ಲಿ ಏನು ಗತಿ? ನಮ್ಮವರಿಗೆ ಹೇಳದೆ ಮಗಳನ್ನು ಪಕ್ಕಕ್ಕೆ ಕರೆದೆ. ಅವಳು ಔಷಧಿ ಅಂಗಡಿಯ ಫಾರ್ಮಸಿಸ್ಟರಿಗೆ ಫೋನು ಮಾಡಿ ಪೆನ್ನಿನ ಹೆಸರು ಹೇಳಿ ಕೇಳಿದಳು. 30 ಡಿಗ್ರಿ ಮೀರಿಲ್ಲವಾದ್ದರಿಂದ ಕೆಟ್ಟಿಲ್ಲ, ಆದರೆ ನಾಲ್ಕು ವಾರದೊಳಗೆ ಬಳಸಿಬಿಡಿ ಎಂದರಂತೆ. ಆಗ ಹೋದ ಜೀವ ಬಂತು. (ನಿಮ್ಮಲ್ಲಿರುವ ಇನ್ಸುಲಿನ್ನಿನ ಅವಧಿ ಎಷ್ಟೆಂದು ಪೊಟ್ಟಣದ ಚೀಟಿಯಲ್ಲಿ ಇರುತ್ತದೆ, ಒಮ್ಮೆ ಓದಿಡಿ.) ಆ ರಾತ್ರಿ ಪೆನ್ನುಗಳನ್ನು ದಪ್ಪ ಟವೆಲಿನಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ಐಸಿಗೆ ನೇರ ತಾಕಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಬೆಳಿಗ್ಗೆ ಅಳಿಯಂದಿರು ಗಾಡಿಯ ಹೊರಗೋಡೆಯ ಜಾಲರಿ ಬಿಚ್ಚಿದರು. ಫ್ರಿಜ್ಜಿನ ಬೆನ್ನು ಕಂಡಿತು. ಕೆಳಗೆ ಗ್ಯಾಸಿನ ಪುಟ್ಟ ಉರಿ!

"ಇದೇನೇ, ಬೆಂಕಿ ಹಚ್ಚಿದರೆ ತಣ್ಣಗಾಗೋದು?" ಎಂದೆ ಮಗಳಿಗೆ.

ಅಳಿಯಂದಿರು ನಕ್ಕರು. "ಅತ್ತೆ, ಫ್ರಿಜ್ಜು ತಂಪು ತಯಾರಿಸೋದಿಲ್ಲ. ಒಳಗಿನ ಬಿಸೀನ ಹೊತ್ತು ಹೊರಗೆ ಹಾಕುತ್ತೆ, ಅಷ್ಟೆ."

ನಮ್ಮ ಮನೆಗಳ ಫ್ರಿಜ್ಜಿನಂತೆ ಇದರಲ್ಲಿ ಕಂಪ್ರೆಸರ್ ಇಲ್ಲ, ಸದ್ದೂ ಇಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಉಪಾಯವಂತೆ. ನೀರಿನಲ್ಲಿ ಬೆರೆತ ಅಮೋನಿಯಾ ಉರಿಯ ಕಾವಿಗೆ ಆವಿಯಾಗಿ ಮೇಲೇರುತ್ತದೆ. ಮೇಲಿನ ರೆಕ್ಕೆ ರೆಕ್ಕೆಯಂಥ ಕೊಳವೆಯಲ್ಲಿ ತನ್ನ ಬಿಸಿಯನ್ನು ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಅದು ಒಳಗೆ ಹೋಗಿ ಮತ್ತೆ ಆವಿಯಾಗುವಾಗ ನಮ್ಮ ಹಾಲು ಮೊಸರಿನ ಬಿಸಿಯನ್ನು ಹೀರುತ್ತದೆ. ಬಿಸಿಗಾಳಿ ಗಾಡಿಯ ಛಾವಣಿಯ ಕಿಂಡಿಯಿಂದ ಹೋಗಬೇಕು, ಕೆಳಗಿನ ಜಾಲರಿಯಿಂದ ಹೊಸ ಗಾಳಿ ಬರಬೇಕು. ಹೊರಗೇ ಕಾದ ಕಾವಲಿಯಂತಿದ್ದರೆ ಗಾಳಿ ಅಲುಗುವುದೇ ಇಲ್ಲ.

ನನಗೆ ತವರಿನ ಅಡಿಗೆಮನೆ ನೆನಪಾಯಿತು. ಗವಾಕ್ಷಿ ಕಟ್ಟಿಕೊಂಡರೆ ಹೊಗೆಯೆಲ್ಲ ಒಳಗೇ ಸುತ್ತಿ ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಇದೂ ಅದೇ ಕಥೆ!

ಪೇಟೆಗೆ ಹೋಗಿ ಕಂಪ್ಯೂಟರಿಗೆ ಹಾಕುವ ಅಂಗೈಯಗಲದ ಎರಡು ಫ್ಯಾನು ತಂದರು. 12 ವೋಲ್ಟಿನವು, ಗಾಡಿಯ ಬ್ಯಾಟರಿಯಿಂದಲೇ ನಡೆಯುತ್ತವೆ. ಗ್ಯಾಸು ಆರಿಸಿ, ಎಲ್ಲ ತಣ್ಣಗಾದ ಮೇಲೆ ರೆಕ್ಕೆ ಕೊಳವೆಯ ಮೇಲುಗಡೆ, ಗಾಳಿಯನ್ನು ಛಾವಣಿಯತ್ತ ತಳ್ಳುವಂತೆ ಕೂರಿಸಿದರು. ವೈರನ್ನು ಉರಿಯಿಂದ ದೂರ ಕಟ್ಟಿ, ಫ್ಯೂಸು ಹಾಕಿ, ಹಿಂದೆ ಬಿಸಿಯೇರಿದಾಗ ಮಾತ್ರ ತಿರುಗುವಂತೆ ಪುಟ್ಟ ಥರ್ಮೋಸ್ಟಾಟ್ ಜೋಡಿಸಿದರು. ಅಮೋನಿಯಾ ಕೊಳವೆಗೆ ಸ್ಕ್ರೂ ತಾಗಿಸಲೇ ಇಲ್ಲ. ಅದು ತೂತಾದರೆ ಅಪಾಯ. ನಾನು ಟಾರ್ಚು ಹಿಡಿದು ನಿಂತಿದ್ದೆ.

ಮರುದಿನ ಬೆಳಿಗ್ಗೆ ಥರ್ಮಾಮೀಟರ್ 5 ತೋರಿಸಿತು. ಮಧ್ಯಾಹ್ನ ಬಾರ್‌ಸ್ಟೋ ಕಡೆಯ ಮರುಭೂಮಿಯಲ್ಲೂ 7 ದಾಟಲಿಲ್ಲ. ಪೆನ್ನುಗಳು ತಮ್ಮ ಜಾಗಕ್ಕೆ ಮರಳಿದವು. ನಮ್ಮವರಿಗೆ ಆಗಲೇ ವಿಷಯ ಹೇಳಿದ್ದು. "ನಿನ್ನೆಯೇ ಹೇಳಬಾರದಿತ್ತೇ?" ಎಂದರು. ಹೇಳಬೇಕಿತ್ತು, ನಿಜ. ಅವರ ಔಷಧಿಯಲ್ಲವೇ?

ಊರಿಗೆ ಬಂದವಳು ಮೊದಲು ನಮ್ಮ ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆ ಎಳೆದೆ. ಹಿಂದೆ ಜೇಡರ ಬಲೆ, ಪಕ್ಕದಲ್ಲಿ ತುರುಕಿದ್ದ ಹಳೇ ಪೇಪರು! ಎಲ್ಲ ತೆಗೆದು, ಪ್ಲಗ್ ಕಿತ್ತು, ಧೂಳು ಒರೆಸಿದೆ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಬಿಸಿ ಪಕ್ಕದ ಗೋಡೆಗಳಿಂದ ಹೊರಬೀಳುತ್ತದೆ; ಆದ್ದರಿಂದ ಅಕ್ಕಪಕ್ಕವೂ ಜಾಗ ಬೇಕು. ಬಿಸಿ ಸಾರಿನ ಪಾತ್ರೆ ಆರದೆ ಒಳಗಿಡಬೇಡಿ, ಬಾಗಿಲು ತೆರೆದಿಟ್ಟು ಯೋಚಿಸುತ್ತ ನಿಲ್ಲಬೇಡಿ.

"ಅಮೆರಿಕಕ್ಕೆ ಹೋಗಿ ಫ್ರಿಜ್ಜು ಸರಿಸೋದು ಕಲಿತು ಬಂದೆಯಲ್ಲ!" ಎಂದು ನಮ್ಮವರು ಈಗಲೂ ಛೇಡಿಸುತ್ತಾರೆ. ಛೇಡಿಸಲಿ ಬಿಡಿ. ನೀವೂ ಇವತ್ತೇ ಒಮ್ಮೆ ನಿಮ್ಮ ಫ್ರಿಜ್ಜಿನ ಬೆನ್ನು ನೋಡಿ ಬನ್ನಿ.