ಹಿಡಿಸೂಡಿ ತೆಗೆಯೆಡಿ, ಅದು ಹಾವಲ್ಲ

ಮಳೆಗಾಲ ಬಂದರೆ ಸಾಕು, ವಾಟ್ಸಾಪಿಲಿ ಒಂದು ಪಟ ತಿರುಗಲೆ ಸುರುವಾವುತ್ತು. ಅಂಗೈಂದಲೂ ದೊಡ್ಡ ಕೆಂಪು-ಕಂದು ಬಣ್ಣದ ಚಿಟ್ಟೆ, ಅದರ ಕೆಳ "ಇದು ವಿಷ, ಮುಟ್ಟಿದರೆ ಸಾವು" ಹೇಳಿ ಬರದಿರ್ತವು. ಅಕ್ಕಂದಿರೇ, ಅದು ಶುದ್ಧ ಲೊಟ್ಟೆ. ಕಚ್ಚುಲೆ ಅದಕ್ಕೆ ಉಪಯೋಗಕ್ಕಿಪ್ಪ ಬಾಯಿಯೇ ಇಲ್ಲೆ!

ರೆಕ್ಕೆ ಬಂದ ಮೇಲೆ ಅದು ಎಂತದೂ ತಿಂತಿಲ್ಲೆ. ಹುಳು ಆಗಿಪ್ಪಗ ದಾಲ್ಚಿನಿ, ಪೇರಳೆ ಎಲೆ ತಿಂದು ಮೈಲಿ ಕೂಡಿಸಿ ಮಡುಗಿದ್ದರಲ್ಲೇ ಒಂದು ವಾರವೋ, ಹೆಚ್ಚು ಹೇಳಿರೆ ಎರಡೋ ಬದುಕುತ್ತು. ಅಷ್ಟರೊಳ ಜೋಡಿ ಆಯೆಕ್ಕು, ಮೊಟ್ಟೆ ಮಡುಗೆಕ್ಕು. ಹೆಣ್ಣು ಕೂದಲ್ಲೇ ಕೂದು ಪರಿಮಳ ಬಿಡ್ತು. ಗೆಂಡಿನ ಮೀಸೆ ಹಕ್ಕಿಪುಕ್ಕದ ಹಾಂಗೆ. ಅದರಲ್ಲಿ ಆ ಪರಿಮಳ ಹಿಡುದು ದೂರಂದ ಹುಡ್ಕಿಂಡು ಬತ್ತು. ನಮ್ಮ ಮದುವೆ ಬ್ರೋಕರುಗಳಿಂದ ವಾಸಿ.

ರೆಕ್ಕೆ ಬಿಡಿಸಿರೆ 20 ಸೆಂಟಿಮೀಟರಿಂದಲೂ ಅಗಲ ಅಪ್ಪದಿದ್ದು, ಮಕ್ಕಳ ಕಂಪಾಸು ಪೆಟ್ಟಿಗೆಯ ಸ್ಕೇಲಿಂದ ಉದ್ದ. ನಾಲ್ಕು ರೆಕ್ಕೆಲಿಯೂ ಮೂರು ಮೂಲೆಯ ಒಂದೊಂದು ಕಿಟಿಕಿ. ಅಲ್ಲಿ ಬಣ್ಣದ ಹೊಡಿ ಇಲ್ಲೆ, ಆಚ ಹೊಡೆ ಕಾಣ್ತು. ಮುಂದಾಣ ರೆಕ್ಕೆಯ ಕೊಡಿ ಹಾವಿನ ತಲೆಯ ಹಾಂಗೆ, ಕಣ್ಣಿನ ಬೊಟ್ಟೂ ಇದ್ದು. ಹಕ್ಕಿಗಳ ಹೆದರ್ಸಲೆ ಆದಿಕ್ಕು ಹೇಳ್ತವು ತಿಳುದವು. ಎಂಗಳ ಹತ್ತರಾಣ ಮನೆಯ ಅತ್ತಿಗೆಯಂತೂ ಹೆದರಿ ಹಿಡಿಸೂಡಿ ಎತ್ತಿತ್ತು.

ಪೇಪರಿಲಿ ಇದರ ಅಟ್ಲಾಸ್ ಚಿಟ್ಟೆ ಹೇಳಿ ಬರವದು. 1758ರಲ್ಲಿ ಲಿನೇಯಸ್ ಹೆಸರು ಮಡುಗಿದ ಆ ಅಟ್ಲಾಸ್ ಇಪ್ಪದು ಹಿಮಾಲಯದ ಬುಡಲ್ಲಿ, ಈಶಾನ್ಯ ರಾಜ್ಯಂಗಳಲ್ಲಿ, ಅಲ್ಲಿಂದ ಇಂಡೋನೇಷ್ಯಾ ವರೆಗೆ. ನಮ್ಮ ಘಟ್ಟದ ಕರೆಲಿಪ್ಪದು ಅದರ ದಾಯಾದಿ, ಅಟಾಕಸ್ ಟಾಪ್ರೊಬಾನಿಸ್. ಟಾಪ್ರೊಬೇನ್ ಹೇಳಿರೆ ಹಳೆ ಗ್ರೀಕರು ಲಂಕೆಗೆ ಹೇಳಿಂಡಿದ್ದ ಹೆಸರು. ದಕ್ಷಿಣ ಭಾರತ, ಶ್ರೀಲಂಕೆ, ಇಷ್ಟೇ ಅದರ ಊರು. ಇಲ್ಲಿ ನಾವು ಬಡುದು ಕೊಂದರೆ ಇನ್ನೆಲ್ಲಿಂದ ಬಪ್ಪದು?

ದಾಲ್ಚಿನಿ ಮರಲ್ಲಿ ಬೆಳಿ ಹೊಡಿ ಉದುರ್ಸಿದ ಹಾಂಗಿಪ್ಪ ದಪ್ಪದ ಹಸುರು ಹುಳು ಕಂಡರೆ ಮದ್ದು ಬಿಡೆಡಿ. ನಾಲ್ಕು ಎಲೆ ಹೋದರೆ ಪಲಾವು ಕೆಡ್ತಿಲ್ಲೆ. ಇರುಳು ಜೆಗಿಲಿಗೆ ಚಿಟ್ಟೆ ಬಂದರೆ ಲೈಟು ನಂದ್ಸಿ ಮನುಗಿ. ಅದಕ್ಕಿಪ್ಪ ಏಳೆಂಟು ಇರುಳಿಲಿ ಒಂದರ ಬಲ್ಬಿನ ಸುತ್ತ ಕಳವದು ಬೇಡ. ಉದಿಯಪ್ಪಗಳೂ ಗೋಡೆಲೇ ಕೂದೊಂಡಿದ್ದರೆ ಮುಟ್ಲೆ ಹೋಗೆಡಿ, ಕಸ್ತಲೆ ಅಪ್ಪಗ ಅದಾಗಿಯೇ ಹಾರಿ ಹೋವುತ್ತು. ಪುಚ್ಚೆಯ ಮಾತ್ರ ಅಲ್ಲಿವರೆಗೆ ಒಳ ಹಾಕಿ.