ಸೊನ್ನೆಯ ಲೆಕ್ಕ

ಕುಂಚಾವರಂ ನನ್ನ ತಾಯಿಯ ತವರು. ಚಿಂಚೋಳಿ ತಾಲ್ಲೂಕಿನ ಕಾಡಂಚಿನ ಊರು. ಗಡಿ ದಾಟಿದರೆ ತೆಲಂಗಾಣ. ಹೀಗಾಗಿ ಮಂದಿಯ ಬಾಯಲ್ಲಿ ಎರಡು ಭಾಷೆ, ಊರ ಹೆಸರಿಗೂ ಎರಡು ರೂಪ. ತೆಲುಗಿನ ರೂಢಿಯವರು ಕೊನೆಗೊಂದು ಸೊನ್ನೆ ಹಾಕಿ ‘ಕುಂಚಾವರಂ’ ಎನ್ನುತ್ತಾರೆ. ಕನ್ನಡದ ನಾಲಿಗೆ ಒಮ್ಮೊಮ್ಮೆ ಆ ಸೊನ್ನೆ ನುಂಗಿ ‘ಕುಂಚಾವರ’ ಎನ್ನುತ್ತದೆ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಊರುವಾರು ಬೇರ್ಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಊರ ಹೆಸರು ಹುಡುಕಲು ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿ. ಅದರಲ್ಲಿ ‘ರೆಗ್‌ಕಾಂಪ್’ ನಾವು ಕೊಟ್ಟ ಮಾದರಿಯನ್ನು ಸಜ್ಜುಗೊಳಿಸುತ್ತದೆ. ‘ರೆಗ್‌ಎಕ್ಸೆಕ್’ ಪ್ರತಿ ಸಾಲನ್ನೂ ಅದಕ್ಕೆ ಹೋಲಿಸುತ್ತದೆ. ತಮಾಷೆಯೆಂದರೆ, ಹೋಲಿಕೆ ಸಿಕ್ಕರೆ ಅದು ಕೊಡುವ ಉತ್ತರ ಸೊನ್ನೆ! ನಾನು ಜಾಣನಂತೆ ಊರ ಹೆಸರಿನ ಸೊನ್ನೆಯ ಬೆನ್ನಿಗೊಂದು ಪ್ರಶ್ನೆಚಿಹ್ನೆ ಹಾಕಿದೆ. ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಅದರ ಅರ್ಥ. ಎರಡು ಬಾರಿ ಪರೀಕ್ಷಿಸಿದೆ. ಎರಡು ಬಾರಿಯೂ ಸೊನ್ನೆ ಇದ್ದ ಹೆಸರನ್ನೇ ಕೊಟ್ಟೆ. ಪಟ್ಟಿ ಅಚ್ಚಾಗಿ ಹೋಯಿತು.

ವಾರದಲ್ಲೇ ಸೋದರಮಾವನ ಫೋನು. “ಬಾಜೂ ಮನಿ ಹುಡುಗಿ ಹೆಸರ ಇಲ್ಲಲ್ಲೋ. ಅರ್ಜಿ ನಾನೇ ಬರದು ಕೊಟ್ಟೀನಿ.”

ರಾತ್ರಿಯೆಲ್ಲ ಕೂತೆ. ನಮ್ಮ ಕಣ್ಣಿಗೆ ಕುಂಚಾವರಂ 4 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕೊಂಬು, ಇಳಿ, ಸೊನ್ನೆಗಳೆಲ್ಲ ಬೇರೆಯಾಗಿ 8. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟು, ಒಟ್ಟು 24. ಬರಹ ಯಾವ ಬಗೆಯದೆಂದು ನಾನು ಹೇಳದೆ ಬಿಟ್ಟಿದ್ದರಿಂದ ಪ್ರೋಗ್ರಾಂಗೆ ಬೈಟೇ ಅಕ್ಷರ. ಪ್ರಶ್ನೆಚಿಹ್ನೆ ತಗುಲಿದ್ದು ಸೊನ್ನೆಯ ಕೊನೆಯ ಬೈಟಿಗೆ ಮಾತ್ರ, ಉಳಿದೆರಡು ಕಡ್ಡಾಯ. ಸೊನ್ನೆ ಬರೆದವರು ಒಳಗೆ, ಬರೆಯದ 11 ಮಕ್ಕಳು ಹೊರಗೆ.

ಇಂಥ ಮಾದರಿಗಳಿಂದ ಪಠ್ಯ ಹುಡುಕುವ ಬಗೆಯನ್ನು ಕೆನ್ ಥಾಂಪ್ಸನ್ ಪ್ರಕಟಿಸಿದ್ದು 1968ರಲ್ಲಿ. 1992ರಲ್ಲಿ ರಾಬ್ ಪೈಕ್ ಜೊತೆ ಯುಟಿಎಫ್-8 ರೂಪಿಸಿದವರೂ ಅವರೇ. ನಾನು ಕಟ್ಟಿಕೊಂಡ ಗಂಟಿನ ಎರಡೂ ಎಳೆ ಒಬ್ಬರ ಕೈಯವೇ! ಆದರೆ ಗಂಟು ಹಾಕಿದವನು ನಾನು. ಪ್ರೋಗ್ರಾಂನ ಮೊದಲಿಗೆ ‘ಸೆಟ್‌ಲೊಕೇಲ್’ ಎಂಬ ಒಂದು ಸಾಲು ಸೇರಿಸಿದೆ. ನಂಬಿಕೆ ಸಾಲದೆ ಸೊನ್ನೆಯನ್ನು ಆವರಣದೊಳಗೂ ಕೂರಿಸಿದೆ. ಹನ್ನೊಂದೂ ಹೆಸರು ಬಂದವು.

ಎರಡನೆಯ ಪಟ್ಟಿ ಹೊರಡುವಷ್ಟರಲ್ಲಿ ಶುಲ್ಕದ ದಿನ ಕಳೆದಿತ್ತು. ಹುಡುಗಿಯ ಶುಲ್ಕವನ್ನು ಮಾವ ಕೈಯಿಂದ ಕಟ್ಟಿದ್ದರು. ತಪ್ಪು ನನ್ನದೆಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಈಗಲೂ ಯಾರದಾದರೂ ಅರ್ಜಿ ತುಂಬುವಾಗ ಫೋನು ಮಾಡುತ್ತಾರೆ:

“ಸೊನ್ನಿ ಹಾಕಲೇನೋ?”