ಅಣ್ಣನ ನಾಲ್ಕು ತಂತಿಯ ಗಿಟಾರು



ಈ ಸಲದ ಭಿತ್ತಿಪತ್ರಿಕೆಗೆ ಮಳೆಗಾಲದ ಬಗ್ಗೆ ಮೂರು ಪ್ರಬಂಧ, ಪ್ರವಾಸದ ಬಗ್ಗೆ ಎರಡು ಬಂದಿವೆಯಂತೆ. ಹಾಗಾಗಿ ನಾನು ಬೇಸ್ ಗಿಟಾರಿನ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಈಗ ಅಂಥವು ಎರಡು ಇವೆ. ಒಂದು ಅಣ್ಣನದು, ಹಳತು. ಇನ್ನೊಂದು ಕುಂದಾಪುರದ ಅವನ ಸ್ನೇಹಿತನದು, ಪರೀಕ್ಷೆ ಮಾಡಿ ನೋಡಲು ತಂದದ್ದು. ಎರಡಕ್ಕೂ ನಾಲ್ಕೇ ತಂತಿ. ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಹ್ವಾಯ್, ಉಳ್ದ ಎರಡ್ ತಂತಿ ತುಂಡಾಯ್ತಾ?"

ತುಂಡಾದದ್ದಲ್ಲ ಮಾರಾಯ್ರೆ, ಅದು ಇರುವುದೇ ಹಾಗೆ. ಬಸ್ಸಿನಲ್ಲಿ ಹಾಡು ಹಾಕಿದಾಗ "ಬೇಸ್ ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತೇವಲ್ಲ, ಆ ಬೇಸ್. ಅಂದರೆ ತಗ್ಗಿನ ಸ್ವರ. ಇದರ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಅತಿ ತಗ್ಗಿನ ತಂತಿ 82 ಸಲ. ನಮ್ಮ ಕಿವಿಗೆ ಕೇಳುವುದು 20ರಿಂದ ಮೇಲಿನದು ಎಂದು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಹಾಗಾದರೆ ಇದು ಕಿವಿಯ ನೆಲಮಾಳಿಗೆಯ ಹತ್ತಿರದ ಶಬ್ದ ಎಂದಾಯಿತು. ಗಣೇಶೋತ್ಸವದ ರಾತ್ರಿ ಬೈಂದೂರಿನ ಕಡೆ ಕಾರ್ಯಕ್ರಮ ಇದ್ದರೆ ಯಡ್ತರೆಯಲ್ಲಿ ಮಲಗಿದವರಿಗೆ ಹಾಡು ಯಾವುದು ಎಂದು ಗೊತ್ತಾಗುವುದಿಲ್ಲ, "ದುಂ ದುಂ" ಮಾತ್ರ ಕೇಳುತ್ತದೆ. ಅದು ಇದೇ. ತಗ್ಗಿನ ಶಬ್ದ ಗೋಡೆ, ಗುಡ್ಡೆಗಳನ್ನು ಸುತ್ತಿ ಬರುತ್ತದೆ, ಮೇಲಿನದು ಅಲ್ಲಲ್ಲೇ ಸೋರಿ ಹೋಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣ ಹಗಲು ವೈರಿಂಗ್ ಕೆಲಸಕ್ಕೆ ಹೋಗುತ್ತಾನೆ, ರಾತ್ರಿ ಒಂದು ರಸಮಂಜರಿ ತಂಡದಲ್ಲಿ ಬೇಸ್ ನುಡಿಸುತ್ತಾನೆ. ಒಂದು ರಾತ್ರಿಗೆ 1,200 ರೂಪಾಯಿ. ಆ ದುಡ್ಡನ್ನು ಅಮ್ಮ ಬೇರೆ ಡಬ್ಬಿಯಲ್ಲಿ ಇಡುತ್ತಾರೆ, ನಾನು ಮುಂದಿನ ವರ್ಷ ಕಾಲೇಜಿಗೆ ಸೇರಬೇಕಲ್ಲ, ಅದಕ್ಕೆ. ಜುಲೈ ತಿಂಗಳಲ್ಲಿ ತಂಡದ ಯಜಮಾನರು ಹೇಳಿದರಂತೆ: "ಕೀಬೋರ್ಡಿನವನ ಎಡಗೈಯಲ್ಲೇ ಬೇಸ್ ಬರ್ತದೆ. ನಿಂದು ಹೆಂಗೂ ಕೇಂತಿಲ್ಲ. ಒಂದ್ ಆಳ್ ಉಳಿದ್ರೆ ಅಷ್ಟೇ ಆಯ್ತಲ್ದಾ?" ಅವರನ್ನು ದೂರುವುದಕ್ಕೂ ಆಗುವುದಿಲ್ಲ. ಪೆಟ್ರೋಲು, ಟೆಂಪೋ ಬಾಡಿಗೆ ಎಲ್ಲ ಕಳೆದು ಅವರಿಗೂ ಹೆಚ್ಚೇನೂ ಉಳಿಯುವುದಿಲ್ಲ. ಆದರೆ "ಕೇಂತಿಲ್ಲ" ಎಂದ ಮಾತು ಅಣ್ಣನಿಗೆ ಚುಚ್ಚಿತು. ಗಿಟಾರೇ ಬದಲಿಸಬೇಕು ಎಂದು ಹಟ ಹಿಡಿದ. ಸ್ನೇಹಿತನ ಗಿಟಾರಿಗೆ 14,000 ರೂಪಾಯಿ. ಕೊಳ್ಳುವ ಮೊದಲು ಎರಡನ್ನೂ ಹೋಲಿಸಿ ನೋಡುವ ಎಂದು ನಾನು ಹೇಳಿದೆ. ಡಬ್ಬಿ ಖಾಲಿಯಾದರೆ ಕಷ್ಟ ಯಾರಿಗೆ, ನೀವೇ ಹೇಳಿ!

ಮೊದಲು ಇದು ಕೆಲಸ ಮಾಡುವ ರೀತಿ. ತಂತಿಯ ಕೆಳಗೆ ಕಪ್ಪು ಪಟ್ಟಿಯಂಥದ್ದು ಇರುತ್ತದೆ, ಅದಕ್ಕೆ ಪಿಕಪ್ ಎನ್ನುತ್ತಾರೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ದಪ್ಪವಿಲ್ಲದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದದ್ದೇ ಇಲ್ಲಿ ಹಾಡುವುದು. ನೈಲಾನ್ ತಂತಿ ಹಾಕಿದರೆ ಈ ಪಿಕಪ್ಪಿಗೆ ಏನೂ ತಿಳಿಯುವುದಿಲ್ಲ. ಇಂಥ ಗಿಟಾರನ್ನು 1951ರಲ್ಲಿ ಮಾರುಕಟ್ಟೆಗೆ ತಂದವರು ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಮೊದಲು ಅವರದು ರೇಡಿಯೊ ರಿಪೇರಿ ಅಂಗಡಿ. ತಮಾಷೆಯೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅದಕ್ಕೂ ಮುಂಚೆ ತಗ್ಗಿನ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲನ್ನು ಹೊತ್ತುಕೊಂಡು ತಿರುಗಬೇಕಿತ್ತು. ಅದರ ಕತ್ತಿನ ಮೇಲೆ ಗೆರೆ ಇಲ್ಲ, ಬೆರಳು ಚೂರು ಜರುಗಿದರೆ ಸ್ವರ ತಪ್ಪುತ್ತದೆ. ಫೆಂಡರ್ ಅವರು ಲೋಹದ ಮೆಟ್ಟಿಲು ಕೂರಿಸಿ, ಸ್ವರ ನಿಖರವಾಗಿ ಬರುತ್ತದೆಂದು "ಪ್ರಿಸಿಶನ್" ಎಂದೇ ಹೆಸರಿಟ್ಟರು. 1960ರಲ್ಲಿ ಎರಡು ಪಿಕಪ್ಪಿನ "ಜಾಝ್ ಬೇಸ್" ಬಂತು. ಅಣ್ಣನ ಹಳೆಯ ಗಿಟಾರು ಆ ಮಾದರಿಯ ನಕಲು.

ಹಳೆಯದರಲ್ಲಿ ಮೂರು ಗುಂಡಿ. ಎರಡು ಪಿಕಪ್ಪಿಗೆ ಒಂದೊಂದು ವಾಲ್ಯೂಮ್, ಮೂರನೆಯದು ಟೋನ್. ಬ್ಯಾಟರಿ ಇಲ್ಲ. ಇದಕ್ಕೆ ಪ್ಯಾಸಿವ್ ಎನ್ನುವುದು. ಟೋನ್ ಗುಂಡಿಯ ಹಿಂದೆ 0.047 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಮಾತ್ರ ಇದೆ. ಗುಂಡಿ ತಿರುಗಿಸಿದಂತೆ ಮೇಲಿನ ಸ್ವರಗಳನ್ನು ಅದು ಅರ್ಥಿಂಗಿಗೆ ಬಿಟ್ಟುಬಿಡುತ್ತದೆ. ಅಂದರೆ ಇದಕ್ಕೆ ಕಳೆಯುವ ಲೆಕ್ಕ ಬರುತ್ತದೆ, ಕೂಡಿಸುವ ಲೆಕ್ಕ ಬರುವುದಿಲ್ಲ.

ಕುಂದಾಪುರದ್ದು ಆ್ಯಕ್ಟಿವ್. ಒಳಗೆ 9 ವೋಲ್ಟಿನ ಬ್ಯಾಟರಿ, ಒಂದು ಸಣ್ಣ ಆ್ಯಂಪ್ಲಿಫಯರ್ ಹಲಗೆ. ಲಿಯೋ ಫೆಂಡರ್ ಅವರೇ ಆಮೇಲೆ ಸೇರಿದ ಮ್ಯೂಸಿಕ್ ಮ್ಯಾನ್ ಕಂಪನಿಯ "ಸ್ಟಿಂಗ್‌ರೇ" 1976ರಲ್ಲಿ ಈ ಪದ್ಧತಿಯನ್ನು ಪ್ರಸಿದ್ಧಿಗೆ ತಂದಿತು. ಇದರಲ್ಲಿ ಬೇಸ್, ಟ್ರೆಬಲ್ ಎರಡನ್ನೂ ಹೆಚ್ಚಿಸಲೂಬಹುದು, ಇಳಿಸಲೂಬಹುದು. ಇನ್ನೊಂದು ಅನುಕೂಲ: ಉದ್ದದ ಕೇಬಲ್ ಹಾಕಿದರೂ ಶಬ್ದ ಮಂಕಾಗುವುದಿಲ್ಲ. ಪ್ಯಾಸಿವ್‌ನಲ್ಲಿ ಕೇಬಲ್ಲೇ ಇನ್ನೊಂದು ಕೆಪಾಸಿಟರ್ ಆಗಿ ಮೇಲಿನ ಸ್ವರ ತಿನ್ನುತ್ತದೆ. ಅನನುಕೂಲ ಎಂದರೆ ಬ್ಯಾಟರಿ. ಅದರ ಪಿನ್ ಚುಚ್ಚಿದ ಕೂಡಲೇ ಕರೆಂಟು ಖರ್ಚಾಗಲು ಶುರು, ನುಡಿಸಲಿ ಬಿಡಲಿ. ಅಣ್ಣ ಎರಡು ರಾತ್ರಿ ಪಿನ್ ತೆಗೆಯದೆ ಮಲಗಿ ಒಂದು ಬ್ಯಾಟರಿ ಮುಗಿಸಿದ.

ಮನೆಯ ಚಾವಡಿಯಲ್ಲಿ ಮೊದಲ ಪರೀಕ್ಷೆ. ಹೊಸದು ಗೆದ್ದಿತು, ಅದರಲ್ಲಿ ಮಾತೇ ಇಲ್ಲ. ಬೇಸ್ ಗುಂಡಿ ಪೂರ್ತಿ ತಿರುಗಿಸಿದರೆ ಕಿಟಕಿಯ ಸರಳು ನಡುಗಿತು, ಅಜ್ಜಿ "ಎಂತದಾ ಅದ್, ಗುಡುಗಾ?" ಎಂದು ಹೊರಗೆ ಬಂದರು. ಹಳತು ಅದರ ಮುಂದೆ ನೆಗಡಿಯಾದವರ ಹಾಗೆ. ಅಣ್ಣ ಆಗಲೇ ಸ್ನೇಹಿತನಿಗೆ ಫೋನ್ ಮಾಡಲು ಹೊರಟಿದ್ದ. ನಾನು, ತಂಡದ ಜೊತೆ ಒಂದು ಸಲ ನುಡಿಸಿ ಆಮೇಲೆ ಹೇಳು ಎಂದೆ.

ಭಾನುವಾರದ ಪ್ರಾಕ್ಟೀಸಿಗೆ ಎರಡನ್ನೂ ಕೊಂಡುಹೋದೆವು. ಅಲ್ಲಿ ರಿದಂ ಪ್ಯಾಡು, ಢೋಲಕ್ಕು, ಕೀಬೋರ್ಡು, ಇಬ್ಬರು ಗಾಯಕರು, ದೊಡ್ಡ ದೊಡ್ಡ ಬಾಕ್ಸು. ಮನೆಯಲ್ಲಿ ಸಿಂಹದಂತೆ ಗರ್ಜಿಸಿದ ಹೊಸ ಗಿಟಾರು ಇಲ್ಲಿ ಕಾಣೆಯಾಯಿತು! ಮೈದಾನದ ತುದಿಯಲ್ಲಿ ನಿಂತು ಕೇಳಿದ ನನಗೆ ಬರೀ ಒಂದು ಗುಂಯ್ ಎನ್ನುವ ಮೋಡ. ಯಾವ ಸ್ವರ ಎಂದು ಬಿಡಿಸಲು ಆಗಲಿಲ್ಲ. ಕಾರಣವನ್ನು ಸೌಂಡಿನವರು ಹೇಳಿದರು. ಪ್ಯಾಡಿನ ದೊಡ್ಡ ಡ್ರಮ್ಮು, ಢೋಲಕ್ಕಿನ ಎಡಬದಿ, ಕೀಬೋರ್ಡಿನ ಎಡಗೈ ಎಲ್ಲವೂ 50ರಿಂದ 100ರ ಒಳಗೇ ಗುದ್ದಾಡುತ್ತವೆ. ಬೇಸ್ ಗಿಟಾರೂ ಅಲ್ಲೇ ನುಗ್ಗಿದರೆ ಶನಿವಾರದ ಬಸ್ಸಿನ ಹಾಗೆ, ಯಾರಿಗೂ ಉಸಿರಾಡಲು ಜಾಗ ಇಲ್ಲ. ಕಿವಿ ಬೇಸ್ ಗಿಟಾರನ್ನು ಗುರುತಿಸುವುದು ಅದರ ಮೂಲ ಸ್ವರದಿಂದಲ್ಲ, ಮೇಲಿನ ಉಪಸ್ವರಗಳಿಂದ. ಸುಮಾರು 200ರಿಂದ 800ರವರೆಗಿನ ನಡುವಿನ ಪಟ್ಟಿಯಿಂದ. ನಮ್ಮ ಫೋನಿನ ಸ್ಪೀಕರಿಗೆ 41 ಕಂಪನ ಹೊರಡಿಸುವ ತಾಕತ್ತು ಎಲ್ಲಿದೆ? ಆದರೂ ಅದರಲ್ಲಿ ಬೇಸ್ ಇದೆ ಎಂದು ಅನಿಸುತ್ತದೆ. ಉಪಸ್ವರ ಕೇಳಿ ಮೂಲ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ.

ನಂಬಿಕೆ ಬಾರದವರು ಇಳಯರಾಜ ಸಂಗೀತ ನೀಡಿದ 1981ರ "ಗೀತಾ" ಅಥವಾ 1983ರ "ಪಲ್ಲವಿ ಅನುಪಲ್ಲವಿ" ಚಿತ್ರದ ಹಾಡುಗಳನ್ನು ಇಯರ್‌ಫೋನ್ ಹಾಕಿ ಕೇಳಿ. ಗಾಯಕರನ್ನು ಬಿಟ್ಟು ಕೆಳಗೆ ಕಿವಿ ಕೊಡಿ. ಬೇಸ್ ಗಿಟಾರು ತನ್ನದೇ ಒಂದು ರಾಗ ಹಾಡುತ್ತಾ ಹೋಗುತ್ತದೆ. ದುಂ ದುಂ ಅಲ್ಲ, ಹಾಡು. ಒಮ್ಮೆ ಕೇಳಿಸಿತೆಂದರೆ ಮತ್ತೆ ಕೇಳದೆ ಇರಲು ಆಗುವುದಿಲ್ಲ.

ಹಾಗಾಗಿ ನಾವು ಎಲ್ಲ ಉಲ್ಟಾ ಮಾಡಿದೆವು. ಹಳೆಯ ಗಿಟಾರು ತೆಗೆದು ಹಿಂದಿನ ಪಿಕಪ್ಪು ಪೂರ್ತಿ, ಮುಂದಿನದು ಅರ್ಧ. ತಂತಿ ಕಟ್ಟಿದ ತುದಿಯ ಹತ್ತಿರ ಅದು ಅಲುಗುವುದು ಕಡಿಮೆ, ಅಲ್ಲಿ ಉಪಸ್ವರದ ಪಾಲು ಹೆಚ್ಚು. ಟೋನ್ ಮುಕ್ಕಾಲು. ಆ್ಯಂಪ್ಲಿಫಯರಿನಲ್ಲಿ ಬೇಸ್ ಗುಂಡಿಯನ್ನು ನಡುವಿಗಿಂತ ಸ್ವಲ್ಪ ಕೆಳಗೆ ಇಳಿಸಿ, ಮಿಡ್ ಗುಂಡಿ ಏರಿಸಿದೆವು. ಒಂಟಿಯಾಗಿ ಕೇಳಿದರೆ ಡಬ್ಬಿ ಬಡಿದ ಹಾಗೆ, ಚಂದವೇ ಇಲ್ಲ. ಆದರೆ ಎಲ್ಲರೂ ಸೇರಿದಾಗ ಒಂದೊಂದು ಸ್ವರವೂ ಮೈದಾನದ ತುದಿಗೆ ಬಿಡಿಬಿಡಿಯಾಗಿ ಬಂತು. ಹೊಸದರಲ್ಲೂ ಹೀಗೆ ಮಾಡಲು ಹೋದರೆ ಅದರಲ್ಲಿ ಬೇಸ್, ಟ್ರೆಬಲ್ ಎರಡೇ ಗುಂಡಿ, ಮಿಡ್ ಇಲ್ಲ. ಎರಡನ್ನೂ ಇಳಿಸಿ ವಾಲ್ಯೂಮ್ ಏರಿಸಿದರೆ ಸುಮಾರಾಗಿ ಅದೇ ಬರುತ್ತದೆ. ಆದರೆ ಏರಿಸುವುದಕ್ಕೆಂದು 14,000 ಕೊಟ್ಟು ಇಳಿಸುವುದು ಯಾವ ಬುದ್ಧಿ?

ಆದರೆ ಹಳೆಯದಕ್ಕೆ ಒಂದು ರೋಗ ಇತ್ತು. ಎರಡೂ ಪಿಕಪ್ಪು ಪೂರ್ತಿ ಇದ್ದಾಗ ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಕಡಿದು ಹಾಕುತ್ತದೆ, ಹಾಗೆಯೇ ಅವನ್ನು ವಿರುದ್ಧ ದಿಕ್ಕಿಗೆ ಸುತ್ತಿರುತ್ತಾರೆ. ಒಂದನ್ನು ಇಳಿಸಿದ ಕೂಡಲೇ ಕರೆಂಟಿನ ಸದ್ದು ನುಸುಳುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ. ದಪ್ಪ ತಂತಿಯ ಮೂರನೇ ಮೆಟ್ಟಿಲಿನ ಸ್ವರ 49. ಅಂದರೆ ಬೆಸ್ಕಾಂ ಯಾವಾಗಲೂ ಮೂರನೇ ಮೆಟ್ಟಿಲಿನ ಮೇಲೆ ಚೂರು ಅಪಸ್ವರದಲ್ಲಿ ಹಾಡುತ್ತಿರುತ್ತದೆ! (ನಮ್ಮ ಕಡೆಗೆ ಮೆಸ್ಕಾಂ ಎಂದು ಓದಿಕೊಳ್ಳಿ.) ಅದರ ಮೇಲೆ ಪೆಂಡಾಲಿನ ಸೀರಿಯಲ್ ಲೈಟು, ಟ್ಯೂಬ್ ಲೈಟಿನ ಚರಚರ.

ಇದಕ್ಕೆ ಅಣ್ಣನ 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿಯಿಂದ ನಾನೇ ಔಷಧಿ ಮಾಡಿದೆ. "ಹೆಣ್ಣ್ ಮಕ್ಕಳಿಗೆ ಎಂತಕ್ ಆ ಸುಡುವ ಕೆಲ್ಸ" ಎಂದು ಅಜ್ಜಿ ಹೇಳುತ್ತಲೇ ಇದ್ದರು, ಟಾರ್ಚ್ ಹಿಡಿದವರೂ ಅವರೇ. ಗುಂಡಿಗಳ ಗುಳಿಯ ಒಳಗೆಲ್ಲ ತಾಮ್ರದ ತೆಳು ಹಾಳೆ ಅಂಟಿಸಿ, ಅದನ್ನು ಅರ್ಥ್ ತಂತಿಗೆ ಬೆಸೆಯಬೇಕು. ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದಿದ್ದ ಜ್ಯಾಕ್ ಬದಲಿಸಿದೆ. ಗುಂಡಿಗಳಿಗೆ ಕ್ಲೀನರ್ ಹೊಡೆದೆ, ಮಳೆಗಾಲದಲ್ಲಿ ಅವು ತಿರುಗಿಸಿದರೆ ಕರಕರ ಎನ್ನುತ್ತಿದ್ದವು. ಒಟ್ಟು ಖರ್ಚು 640 ರೂಪಾಯಿ, ಹೊಸ ತಂತಿ ಬಿಟ್ಟು. ಚರಚರ ಪೂರ್ತಿ ಹೋಯಿತು. 50ರ ಗುಂಯ್ ಅರ್ಧ ಉಳಿದಿದೆ. ಅದು ಅಯಸ್ಕಾಂತದ ದಾರಿಯಿಂದ ಬರುವುದರಿಂದ ತಾಮ್ರದ ಹಾಳೆಗೆ ಬಗ್ಗುವುದಿಲ್ಲ.

ಇಲ್ಲಿ ಒಂದು ಮಾತು, ತಂಡ ಕಟ್ಟುವ ಆಸೆ ಇರುವ ಒಂಬತ್ತನೇ ತರಗತಿಯ ಹುಡುಗರಿಗೆ. ಗಿಟಾರಿನ ತಂತಿ ಆ್ಯಂಪ್ಲಿಫಯರಿನ ಅರ್ಥಿಗೆ ಸೇರಿರುತ್ತದೆ. ಎಲ್ಲಿಂದಲೋ ಎಳೆದ ಎರಡು ಪಿನ್ನಿನ ವೈರಿನಲ್ಲಿ ಅರ್ಥೇ ಇಲ್ಲದಿದ್ದರೆ, ಕೈ ತಂತಿಯ ಮೇಲೆ ಇಟ್ಟು ತುಟಿ ಮೈಕಿಗೆ ತಾಗಿಸಿದಾಗ ಶಾಕ್ ಹೊಡೆಯಬಹುದು. ಲೆಸ್ ಹಾರ್ವೆ ಎಂಬ ಸ್ಕಾಟ್ಲೆಂಡಿನ ಗಿಟಾರ್ ವಾದಕ 1972ರಲ್ಲಿ ವೇದಿಕೆಯ ಮೇಲೆಯೇ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ತೀರಿಹೋದ. ಅಣ್ಣ ಯಾವ ಪೆಂಡಾಲಿಗೆ ಹೋದರೂ ಮೊದಲು ಟೆಸ್ಟರ್ ಹಿಡಿಯುತ್ತಾನೆ, ಆಮೇಲೆ ಚಹಾ.

ಮುಂದಿನ ಪ್ರಾಕ್ಟೀಸಿನ ದಿನ ಯಜಮಾನರು ಒಂದು ಪರೀಕ್ಷೆ ಮಾಡಿದರು. ಹಾಡಿನ ಎರಡನೇ ಚರಣದಲ್ಲಿ, ಗಾಯಕಿಗೆ ಹೇಳದೆ, ಅಣ್ಣನಿಗೆ ನಿಲ್ಲಿಸಲು ಕೈ ಸನ್ನೆ ಮಾಡಿದರು. ಕೀಬೋರ್ಡಿನ ಎಡಗೈ ನಡೆಯುತ್ತಲೇ ಇತ್ತು. ಅರ್ಧ ಸಾಲಿಗೆ ಗಾಯಕಿ ಹಾಡುತ್ತಲೇ ತಿರುಗಿ ಹಿಂದೆ ನೋಡಿದರು. ಢೋಲಕ್ಕಿನವರೂ ತಲೆ ಎತ್ತಿದರು. ಕೀಬೋರ್ಡಿನಲ್ಲಿ ಸ್ವರ ಒತ್ತಿದರೆ ಒಂದೇ ಸಮ ಬರುತ್ತದೆ. ಬೆರಳಿನಿಂದ ಮೀಟಿದ್ದು ಹುಟ್ಟಿ, ಸ್ವಲ್ಪ ಬೆಳೆದು, ಸಾಯುತ್ತದೆ. ಗಾಯಕರು ಆ ಹುಟ್ಟಿನ ಮೇಲೆ ಕಾಲಿಟ್ಟು ಹಾಡುವುದಂತೆ, ಹಾಗೆಂದು ಆಮೇಲೆ ಅವರೇ ಹೇಳಿದರು. ಯಜಮಾನರು ಏನೂ ಹೇಳಲಿಲ್ಲ. ಮತ್ತೆ ನುಡಿಸು ಎಂದು ಸನ್ನೆ ಮಾಡಿದರು. ದೀಪಾವಳಿಯವರೆಗಿನ ಪಟ್ಟಿಯಲ್ಲಿ ಅಣ್ಣನ ಹೆಸರು ಇದೆ. ಆಮೇಲಿನದು ಆಮೇಲೆ.

ಅಣ್ಣನಿಗೆ ಇನ್ನೂ ಆ ಹೊಸದರ ಮೇಲೆ ಮನಸ್ಸಿದೆ. ರಾತ್ರಿ ಊಟ ಮಾಡಿ ಅದನ್ನೇ ತೊಡೆಯ ಮೇಲಿಟ್ಟು ಬೇಸ್ ಗುಂಡಿ ಪೂರ್ತಿ ಏರಿಸಿ ಕೂರುತ್ತಾನೆ. ಒಬ್ಬನೇ ನುಡಿಸಲು ಅದೇ ಚಂದ ಎಂದು ನಾನೂ ಒಪ್ಪುತ್ತೇನೆ. ಆದರೆ ಡಬ್ಬಿಯ ಬೀಗದ ಕೈ ಅಮ್ಮನ ಸೆರಗಿನಲ್ಲಿದೆ.

ಮುಂದಿನ ಭಾನುವಾರ ಅದನ್ನು ಕುಂದಾಪುರಕ್ಕೆ ವಾಪಸು ಕೊಡಬೇಕು. ಅದರೊಳಗೆ ಎರಡನ್ನೂ ನೋಡಬೇಕು, ಮೀಟಬೇಕು ಎಂದಿರುವವರು ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ. ಬರುವಾಗ ಒಂದು 9 ವೋಲ್ಟಿನ ಬ್ಯಾಟರಿ ಹಿಡಿದುಕೊಂಡು ಬಂದರೆ ಒಳ್ಳೆಯದು, ಇದ್ದದ್ದು ಮುಗಿದಿದೆ.

– ಹತ್ತನೇ ತರಗತಿಯ ವಿದ್ಯಾರ್ಥಿನಿ